ಒಡೆದರೂ ಹಾರದ ಗೋಡೆ

1917ರ ಡಿಸೆಂಬರ್ 6ರ ಬೆಳಿಗ್ಗೆ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಎರಡು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅವುಗಳಲ್ಲಿ ಒಂದಾದ ಫ್ರಾನ್ಸಿನ ‘ಮಾಂ ಬ್ಲಾಂ’ ಮೊದಲ ಮಹಾಯುದ್ಧಕ್ಕೆಂದು ಸ್ಫೋಟಕಗಳನ್ನು ತುಂಬಿಕೊಂಡು ಬಂದಿತ್ತು. ಅದಕ್ಕೆ ಬೆಂಕಿ ಹತ್ತಿಕೊಂಡಿತು. ಹಡಗಿನೊಳಗೆ ಏನಿದೆ ಎಂಬುದು ಊರಿನ ಬಹಳ ಜನಕ್ಕೆ ತಿಳಿದಿರಲಿಲ್ಲ. ಅವರು ಮನೆ, ಶಾಲೆ, ಅಂಗಡಿಗಳ ಕಿಟಕಿಯ ಬಳಿ ನಿಂತು ಹೊಗೆ ನೋಡತೊಡಗಿದರು. ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ಹಡಗು ಸ್ಫೋಟಿಸಿತು. ಸತ್ತವರು ಸುಮಾರು ಎರಡು ಸಾವಿರ ಮಂದಿ, ಗಾಯಗೊಂಡವರು ಸುಮಾರು ಒಂಬತ್ತು ಸಾವಿರ. ಕಿಟಕಿಯ ಗಾಜು ಸಿಡಿದು ನೂರಾರು ಜನರ ಕಣ್ಣಿಗೆ ಗಾಯವಾಯಿತು. ಅನೇಕರು ದೃಷ್ಟಿಯನ್ನೇ ಕಳೆದುಕೊಂಡರು.

ಸ್ಫೋಟ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೆಂಕಿ ಮತ್ತು ಭಾರೀ ಸದ್ದು. ಆದರೆ ಹ್ಯಾಲಿಫ್ಯಾಕ್ಸ್‌ನ ಆ ಜನರ ಕಣ್ಣು ಕಿತ್ತದ್ದು ಅವರದೇ ಮನೆಯ ಗಾಜು. ಸ್ಫೋಟದಿಂದ ಕಟ್ಟಡಗಳನ್ನು ಕಾಪಾಡುವ ವಿಜ್ಞಾನದ ಮುಕ್ಕಾಲು ಭಾಗ ಈ ಒಂದು ವಿಷಯದ ಸುತ್ತಲೇ ಬೆಳೆದಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಮೊದಲು ಕೆಲವು ಅಂಕಿಗಳನ್ನು ನೋಡೋಣ.

ಸ್ಫೋಟಕ ಸಿಡಿದಾಗ ಕ್ಷಣಾರ್ಧದಲ್ಲಿ ಅಪಾರ ಪ್ರಮಾಣದ ಬಿಸಿ ಅನಿಲ ಹುಟ್ಟುತ್ತದೆ. ಅದು ಸುತ್ತಲಿನ ಗಾಳಿಯನ್ನು ಒತ್ತಿ ತಳ್ಳುತ್ತದೆ. ಹೀಗೆ ಒತ್ತಲ್ಪಟ್ಟ ಗಾಳಿಯ ತೆಳುವಾದ ಪದರ ಶಬ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಹೊರಗೆ ಸಾಗುವುದೇ ಆಘಾತ ತರಂಗ. ಅದು ತಲುಪಿದ ಜಾಗದಲ್ಲಿ ಒತ್ತಡ ಥಟ್ಟನೆ ಏರಿ, ಕೆಲವು ಮಿಲಿಸೆಕೆಂಡುಗಳಲ್ಲಿ ಇಳಿಯುತ್ತದೆ. ವಾತಾವರಣದ ಒತ್ತಡಕ್ಕಿಂತ 3ರಿಂದ 7 ಕಿಲೋಪ್ಯಾಸ್ಕಲ್ ಹೆಚ್ಚಾದರೆ ಸಾಧಾರಣ ಕಿಟಕಿ ಗಾಜು ಒಡೆಯುತ್ತದೆ. 14ರಿಂದ 20 ಕಿಲೋಪ್ಯಾಸ್ಕಲ್ ಹೆಚ್ಚಳಕ್ಕೆ ಕಂಬಿ ಹಾಕದ ಕಾಂಕ್ರೀಟ್ ಬ್ಲಾಕಿನ ಗೋಡೆ ಚೂರಾಗುತ್ತದೆ. ಮನುಷ್ಯನ ಕಿವಿಯ ತಮಟೆ ಹರಿಯಲು ಸುಮಾರು 35 ಕಿಲೋಪ್ಯಾಸ್ಕಲ್ ಬೇಕು. ಶ್ವಾಸಕೋಶಕ್ಕೆ ಪೆಟ್ಟು ಬೀಳತೊಡಗುವುದು ಸುಮಾರು 100 ಕಿಲೋಪ್ಯಾಸ್ಕಲ್‌ನ ಆಸುಪಾಸಿನಲ್ಲಿ. ಒತ್ತಡ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಈ ಅಂಕಿಗಳು ಹಿಂದೆ ಮುಂದೆ ಆಗುತ್ತವೆ, ಆದರೆ ಅವುಗಳ ಕ್ರಮ ಬದಲಾಗುವುದಿಲ್ಲ.

ಈ ಕ್ರಮವನ್ನು ಇನ್ನೊಮ್ಮೆ ಗಮನಿಸಿ. ನಮ್ಮ ಮೃದುವಾದ ದೇಹ ಗೋಡೆಗಿಂತ ಹೆಚ್ಚಿನ ಒತ್ತಡವನ್ನು ತಾಳಬಲ್ಲದು! ಬಯಲಿನಲ್ಲಿ ನಿಂತಿದ್ದರೆ ಕಿವಿ ಗುಂಯ್‌ಗುಡುತ್ತ ಎದ್ದು ಬರಬಹುದಾಗಿದ್ದ ವ್ಯಕ್ತಿ, ಅದೇ ದೂರದಲ್ಲಿ ಕೋಣೆಯೊಳಗೆ ಕುಳಿತಿದ್ದ ಕಾರಣಕ್ಕೇ ಸಾಯಬಹುದು. ಅವನನ್ನು ಕೊಲ್ಲುವುದು ಹಾರಿಬಂದ ಗೋಡೆ.

ಗೋಡೆ ಏಕೆ ಅಷ್ಟು ದುರ್ಬಲ? 14 ಕಿಲೋಪ್ಯಾಸ್ಕಲ್ ಎಂದರೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1400 ಕಿ.ಗ್ರಾಂ ಭಾರ ಅಡ್ಡಲಾಗಿ ಒರಗಿದಂತೆ. ಸೆಕೆಂಡಿಗೆ 50 ಮೀಟರ್ ವೇಗದ ಚಂಡಮಾರುತ ಒಡ್ಡುವ ಒತ್ತಡ ಸುಮಾರು 1.5 ಕಿಲೋಪ್ಯಾಸ್ಕಲ್ ಮಾತ್ರ. ಸಾಮಾನ್ಯ ಗೋಡೆ ಮೇಲಿನ ಭಾರವನ್ನು ಹೊರಲು, ಗಾಳಿ ಮಳೆ ತಡೆಯಲು ಕಟ್ಟಿದ್ದು. ಇಟ್ಟಿಗೆ, ಬ್ಲಾಕು, ಗಾರೆ, ಕಾಂಕ್ರೀಟ್ ಎಲ್ಲವೂ ಅದುಮಿದರೆ ಗಟ್ಟಿ, ಎಳೆದರೆ ಪುಕ್ಕಲು. ಕಾಂಕ್ರೀಟನ್ನು ಅದರ ಉದ್ದದ ನೂರಕ್ಕೆ 0.01ರಷ್ಟು ಎಳೆದರೂ ಬಿರುಕು ಕಾಣಿಸುತ್ತದೆ. ಹೊರಗಿನಿಂದ ಒತ್ತಡ ಬಿದ್ದ ಗೋಡೆ ಒಳಕ್ಕೆ ಬಾಗುತ್ತದೆ, ಅದರ ಒಳಮೈ ಎಳೆತಕ್ಕೆ ಸಿಕ್ಕುತ್ತದೆ. ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಬೆರ್ಟ್ರಮ್ ಹಾಪ್ಕಿನ್ಸನ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1915ರಲ್ಲಿ ಒಂದು ಸರಳ ನಿಯಮವನ್ನು ಕೊಟ್ಟ. (ಮೂರೇ ವರ್ಷಗಳಲ್ಲಿ, 1918ರಲ್ಲಿ, ತಾನೇ ನಡೆಸುತ್ತಿದ್ದ ವಿಮಾನ ಬಿದ್ದು ಆತ ತೀರಿಕೊಂಡ.) ಜರ್ಮನಿಯ ಕ್ರಾಂಟ್ಸ್ ಕೂಡ 1926ರಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದ. ಸ್ಫೋಟಕದ ರಾಶಿಯ ಘನಮೂಲದಿಂದ ದೂರವನ್ನು ಭಾಗಿಸಿ. ಆ ಭಾಗಲಬ್ಧ ಒಂದೇ ಆಗಿದ್ದರೆ ಒತ್ತಡವೂ ಒಂದೇ. ಅಂದರೆ 10 ಮೀಟರ್ ದೂರದಲ್ಲಿ 100 ಕಿ.ಗ್ರಾಂ ಸ್ಫೋಟಕ ಉಂಟುಮಾಡುವ ಗರಿಷ್ಠ ಒತ್ತಡವನ್ನು 20 ಮೀಟರ್ ದೂರದಲ್ಲಿ ಉಂಟುಮಾಡಲು 200 ಕಿ.ಗ್ರಾಂ ಸಾಲದು, 800 ಕಿ.ಗ್ರಾಂ ಬೇಕು. ಆದ್ದರಿಂದ ಸ್ಫೋಟದ ವಿರುದ್ಧ ಮನುಷ್ಯನಿಗಿರುವ ಮೊದಲ ರಕ್ಷಣೆ ದೂರ. ಯಾವ ಹೊಸ ವಸ್ತುವೂ ಇದನ್ನು ಮೀರಿಸಿಲ್ಲ. ಆದರೆ ನಗರದ ಬೀದಿಯಲ್ಲಿ ದೂರವನ್ನು ಎಲ್ಲಿಂದ ತರುವುದು? ಅಲ್ಲಿಂದಲೇ ಗೋಡೆಯನ್ನು ಬಲಪಡಿಸುವ ಪ್ರಶ್ನೆ ಶುರುವಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ನಗರಗಳ ಮೇಲೆ ಬಾಂಬುಗಳು ಬಿದ್ದಾಗ ವಿಜ್ಞಾನಿಗಳು ಈ ಪ್ರಶ್ನೆಯನ್ನು ಬೀದಿಯಲ್ಲೇ ಎದುರಿಸಬೇಕಾಯಿತು. ಸಾಲಿ ಜುಕರ್‌ಮನ್ ಎಂಬ ಅಂಗರಚನಾ ಶಾಸ್ತ್ರಜ್ಞ ಸ್ಫೋಟದಿಂದ ದೇಹಕ್ಕಾಗುವ ಗಾಯಗಳ ಬಗ್ಗೆ ಪ್ರಯೋಗಗಳನ್ನು ನಡೆಸಿದ. ಅದುವರೆಗೆ ನಂಬಿದ್ದಕ್ಕಿಂತ ಹೆಚ್ಚಿನ ಒತ್ತಡವನ್ನು ದೇಹ ತಾಳುತ್ತದೆ ಎಂದು ಅವು ತೋರಿಸಿದವು. ಜನರಿಗೆ ಸರ್ಕಾರ ಕೊಟ್ಟ ಸಲಹೆಗಳಲ್ಲಿ ಒಂದು ಬಹಳ ಅಗ್ಗದ್ದು: ಕಿಟಕಿಯ ಗಾಜಿಗೆ ಅಂಟಿನಿಂದ ಬಟ್ಟೆಯ ಬಲೆಯನ್ನೋ ಕಾಗದದ ಪಟ್ಟಿಗಳನ್ನೋ ಮೆತ್ತಿ! ಬಲೆಯಿಂದ ಗಾಜು ಒಡೆಯುವುದು ತಪ್ಪುವುದಿಲ್ಲ. ಒಡೆದ ಚೂರುಗಳು ಬಲೆಗೆ ಅಂಟಿಕೊಂಡು ನಿಲ್ಲುತ್ತವೆ, ಅಷ್ಟೆ. ಒಂದು ಭಿದುರ ವಸ್ತು, ಒಂದು ನಾರು, ಅವೆರಡನ್ನೂ ಹಿಡಿದಿಡುವ ಒಂದು ಅಂಟು. ಮುಂದೆ ಅರ್ಧ ಶತಮಾನದ ನಂತರ ಪ್ರಯೋಗಾಲಯಗಳಲ್ಲಿ ಹುಟ್ಟಿದ ಉಪಾಯಗಳೆಲ್ಲ ಈ ಗೋಂದು ಹಚ್ಚಿದ ಬಲೆಯ ಮೊಮ್ಮಕ್ಕಳೇ ಎಂದು ನನಗನ್ನಿಸುತ್ತದೆ.

ಆದರೆ ನಡುವಿನ ವರ್ಷಗಳಲ್ಲಿ ಈ ಪಾಠ ಹಿಂದೆ ಸರಿಯಿತು. ಪರಮಾಣು ಬಾಂಬಿನ ಯುಗದಲ್ಲಿ ಎಂಜಿನಿಯರುಗಳ ಗಮನವೆಲ್ಲ ದಪ್ಪ ಕಾಂಕ್ರೀಟಿನ ನೆಲಮಾಳಿಗೆಗಳ ಕಡೆಗಿತ್ತು. ಭಾರತದಲ್ಲಿಯೂ 1968ರಲ್ಲಿ ನೆಲದ ಮೇಲಿನ ಸ್ಫೋಟಗಳನ್ನು ತಾಳುವ ಕಟ್ಟಡಗಳ ವಿನ್ಯಾಸಕ್ಕೆ ಐ.ಎಸ್. 4991 ಎಂಬ ಮಾನಕ ಬಂತು. ಇಂತಹ ನಿಯಮಗಳು ಹೊಸದಾಗಿ ಕಟ್ಟುವವರಿಗೆ ಉಪಯುಕ್ತ. ಈಗಾಗಲೇ ನಿಂತಿರುವ, ಜನ ಕೆಲಸ ಮಾಡುತ್ತಿರುವ ಕಚೇರಿಯನ್ನು ಏನು ಮಾಡುವುದು?

1995ರ ಏಪ್ರಿಲ್ 19ರಂದು ಆ ಪ್ರಶ್ನೆ ಮತ್ತೆ ಎದ್ದಿತು. ಅಮೆರಿಕದ ಒಕ್ಲಹೋಮ ನಗರದಲ್ಲಿ ಆಲ್ಫ್ರೆಡ್ ಮರ್ರಾ ಹೆಸರಿನ ಒಂಬತ್ತು ಅಂತಸ್ತಿನ ಸರ್ಕಾರಿ ಕಟ್ಟಡದ ಮುಂದೆ ಟ್ರಕ್ಕೊಂದರಲ್ಲಿದ್ದ ಬಾಂಬು ಸಿಡಿಯಿತು. ಅದರ ಬಲ ಸುಮಾರು 1800 ಕಿ.ಗ್ರಾಂ ಟಿ.ಎನ್.ಟಿ.ಗೆ ಸಮ. ಟ್ರಕ್ಕಿಗೂ ಹತ್ತಿರದ ಕಂಬಕ್ಕೂ ಇದ್ದ ದೂರ 5 ಮೀಟರಿಗೂ ಕಡಿಮೆ. ಆ ಕಂಬ ನುಚ್ಚುನೂರಾಯಿತು. ಪಕ್ಕದ ಎರಡು ಕಂಬಗಳು ಕತ್ತರಿಸಿಹೋದವು. ಮೂರನೆಯ ಅಂತಸ್ತಿನ ಮಟ್ಟದಲ್ಲಿ ಮೇಲಿನ ಕಂಬಗಳನ್ನೆಲ್ಲ ಹೊತ್ತಿದ್ದ ದೊಡ್ಡ ತೊಲೆಗೆ ಆಧಾರ ತಪ್ಪಿತು. ಕಟ್ಟಡದ ಸುಮಾರು ಅರ್ಧದಷ್ಟು ಕುಸಿಯಿತು. 168 ಜನ ಸತ್ತರು, ಅವರಲ್ಲಿ 19 ಮಕ್ಕಳು. ವೈದ್ಯರು ಆಮೇಲೆ ಲೆಕ್ಕ ಹಾಕಿದಾಗ ಕುಸಿದ ಭಾಗದಲ್ಲಿದ್ದವರಲ್ಲಿ ಶೇಕಡಾ 87ರಷ್ಟು ಮಂದಿ ಸತ್ತಿದ್ದರು. ಕುಸಿಯದೆ ಉಳಿದ ಭಾಗದಲ್ಲಿ ಸತ್ತವರು ಶೇಕಡಾ 5 ಮಾತ್ರ. ಸ್ಫೋಟ ಒಂದೇ, ಕಟ್ಟಡ ಒಂದೇ. ವ್ಯತ್ಯಾಸವಿದ್ದದ್ದು ಕಂಬ ನಿಂತಿತೋ ಇಲ್ಲವೋ ಎಂಬುದರಲ್ಲಿ.

ಈ ದುರಂತವನ್ನು ಪರಿಶೀಲಿಸಿದ ಎಂಜಿನಿಯರುಗಳು 1996ರ ವರದಿಯಲ್ಲಿ ಒಂದು ಸ್ವಾರಸ್ಯಕರ ಮಾತು ಹೇಳಿದರು. ಭೂಕಂಪ ವಲಯಗಳಲ್ಲಿ ಮಾಡುವಂತೆ ಕಂಬಗಳಿಗೆ ಒತ್ತೊತ್ತಾಗಿ ಉಂಗುರ ಕಂಬಿಗಳನ್ನು ಸುತ್ತಿದ್ದರೆ ಕುಸಿತ ಬಹುಮಟ್ಟಿಗೆ ಕಡಿಮೆಯಾಗುತ್ತಿತ್ತು ಎಂದು. ಭೂಕಂಪಕ್ಕೂ ಬಾಂಬಿಗೂ ಎಲ್ಲಿಯ ಸಂಬಂಧ? ಇದಕ್ಕೆ ಉತ್ತರ ನಿಮ್ಮ ಕೈಯಲ್ಲಿರುವ ಸೀಮೆಸುಣ್ಣದಲ್ಲಿದೆ. ಅದನ್ನು ಮೇಲಿನಿಂದ ಅದುಮಿ ಪುಡಿ ಮಾಡುವಾಗ ಅದು ಅಕ್ಕಪಕ್ಕಕ್ಕೆ ಸಿಡಿಯುತ್ತದೆ. ಸುತ್ತಲೂ ಬಿಗಿಯಾಗಿ ಸೆಲ್ಲೋಟೇಪ್ ಸುತ್ತಿ ಅದುಮಿ ನೋಡಿ. ಒಳಗೆ ಬಿರುಕು ಬಿಟ್ಟರೂ ಚೂರುಗಳಿಗೆ ಹೊರಬೀಳಲು ದಾರಿಯಿಲ್ಲ, ಆದ್ದರಿಂದ ಅದು ಭಾರ ಹೊರುತ್ತಲೇ ಇರುತ್ತದೆ. ಕಾಂಕ್ರೀಟ್ ಕಂಬವೂ ಹಾಗೆಯೇ. ಅಲುಗಿಸಿದ್ದು ಭೂಮಿಯೋ ಗಾಳಿಯೋ, ಬಿರುಕು ಬಿಟ್ಟ ಕಾಂಕ್ರೀಟನ್ನು ಕಟ್ಟಿ ಹಿಡಿದಿಡುವುದು ಮುಖ್ಯ.

ನಿಂತಿರುವ ಕಂಬದೊಳಗೆ ಹೊಸ ಕಂಬಿ ತೂರಿಸಲಾಗದು. ಹೊರಗಿನಿಂದ ಸುತ್ತಬಹುದು. ಸುತ್ತುವ ಬಟ್ಟೆ ವಿಮಾನಗಳ ಲೋಕದಿಂದ ಬಂತು. ಇಂಗಾಲದ ನಾರನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ ಗಟ್ಟಿಯಾಗಿಸಿದ ಸಂಯುಕ್ತ ವಸ್ತುವನ್ನು ನೀವು ಕೇಳಿರುತ್ತೀರಿ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಮೈಯಲ್ಲಿ ಬಹುಭಾಗ ಅದೇ ವಸ್ತು. ನಾರು ಎಳೆತವನ್ನು ತಾಳುತ್ತದೆ, ಅಂಟು ನಾರುಗಳನ್ನು ಜೊತೆಯಾಗಿ ದುಡಿಯುವಂತೆ ಮಾಡುತ್ತದೆ. ಇದನ್ನು ಸಿವಿಲ್ ಎಂಜಿನಿಯರಿಂಗ್‌ಗೆ ತಂದವರಲ್ಲಿ ಸ್ವಿಟ್ಜರ್‌ಲೆಂಡಿನ ಉರ್ಸ್ ಮೈಯರ್ ಪ್ರಮುಖರು. 1991ರಲ್ಲಿ ಲುಸರ್ನ್ ಬಳಿಯ ಇಬಾಖ್ ಸೇತುವೆಯಲ್ಲಿ ದುರಸ್ತಿ ಮಾಡುವಾಗ 175 ಕಿ.ಗ್ರಾಂ ಉಕ್ಕಿನ ಬದಲು ಕೇವಲ 6.2 ಕಿ.ಗ್ರಾಂ ಇಂಗಾಲ ನಾರಿನ ಪಟ್ಟಿಗಳನ್ನು ಅಂಟಿಸಿದರು! ಕ್ಯಾಲಿಫೋರ್ನಿಯದಲ್ಲಿ 1989ರ, ಜಪಾನಿನ ಕೋಬೆಯಲ್ಲಿ 1995ರ ಭೂಕಂಪಗಳಾದ ಮೇಲೆ ಸೇತುವೆಗಳ ಕಂಬಗಳಿಗೆ ನಾರಿನ ಬಟ್ಟೆ ಸುತ್ತುವುದು ವ್ಯಾಪಕವಾಯಿತು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಇಂತಹ ಕಂಬಗಳ ಪಕ್ಕದಲ್ಲಿ ನಿಜವಾದ ಸ್ಫೋಟಕಗಳನ್ನು ಸಿಡಿಸಿ ಪರೀಕ್ಷಿಸಿದರು. ಸುತ್ತದ ಕಂಬ ಮುರಿದ ಕಡೆ ಸುತ್ತಿದ ಕಂಬ ನಿಂತಿತು.

ಇಷ್ಟಾದರೆ ಗೋಡೆಗೂ ಅದೇ ಬಟ್ಟೆ ಅಂಟಿಸಿದರಾಯಿತು ಎಂದು ನಿಮಗೆ ತೋಚಬಹುದು. ಹಲವರಿಗೆ ಹಾಗೆಯೇ ತೋಚಿತು. ಆದರೆ ಗೋಡೆಯ ಕಥೆ ಬೇರೆ, ಅದನ್ನು ಅರಿಯಲು ಸ್ವಲ್ಪ ಲೆಕ್ಕ ಮಾಡಬೇಕು.

ಸ್ಫೋಟದ ಒತ್ತಡ ಕೆಲವೇ ಮಿಲಿಸೆಕೆಂಡು ಇರುತ್ತದೆ. ಅಷ್ಟರಲ್ಲಿ ಭಾರವಾದ ಗೋಡೆ ಅಲುಗಾಡುವುದೇ ಕಷ್ಟ. ಹಾಗಾಗಿ ಗೋಡೆಗೆ ತಟ್ಟುವುದು ಒಂದು ಆವೇಗ, ಅಂದರೆ ಬಲ ಮತ್ತು ಕಾಲಗಳ ಗುಣಲಬ್ಧ. ಚೆಂಡಿಗೆ ಬ್ಯಾಟು ತಗುಲಿದಂತೆ. ಪ್ರತಿ ಚದರ ಮೀಟರಿಗೆ 1000 ನ್ಯೂಟನ್-ಸೆಕೆಂಡ್ ಆವೇಗ ತಗುಲಿತು ಎಂದುಕೊಳ್ಳಿ. ಹಾಲೋ ಬ್ಲಾಕಿನ ಗೋಡೆಯ ರಾಶಿ ಚದರ ಮೀಟರಿಗೆ 250 ಕಿ.ಗ್ರಾಂ ಇರಲಿ. ಆಗ ಗೋಡೆ ಪಡೆಯುವ ವೇಗ ಸೆಕೆಂಡಿಗೆ 4 ಮೀಟರ್. ಚಲನ ಶಕ್ತಿ ಚದರ ಮೀಟರಿಗೆ 2000 ಜೌಲ್. ಆವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಅಂದರೆ 8000 ಜೌಲ್ ಆಗುತ್ತದೆ. ಗೋಡೆಯ ರಾಶಿಯನ್ನೇ ಎರಡರಷ್ಟು ಮಾಡಿದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ದಪ್ಪ ಗೋಡೆ ಏಕೆ ಒಳ್ಳೆಯದು ಎಂಬುದಕ್ಕೆ ಇದೇ ಕಾರಣ. ಇದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಬಹುದು.

ಈ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು, ಇಲ್ಲವಾದರೆ ಬ್ಲಾಕುಗಳು ಅದನ್ನು ಹೊತ್ತುಕೊಂಡು ಕೋಣೆಯೊಳಗೆ ಬರುತ್ತವೆ. ಒಂದು ವಸ್ತು ನುಂಗುವ ಶಕ್ತಿ ಅದರ ಬಲ ಮತ್ತು ಅದು ಹಿಗ್ಗುವ ದೂರ ಎರಡನ್ನೂ ಅವಲಂಬಿಸುತ್ತದೆ. ಇಂಗಾಲದ ನಾರಿನ ಬಲ ಅಗಾಧ, ಆದರೆ ನೂರಕ್ಕೆ ಸುಮಾರು ಒಂದೂವರೆಯಷ್ಟು ಹಿಗ್ಗುವುದರೊಳಗೆ ಅದು ಪಟ್ಟನೆ ಕಡಿಯುತ್ತದೆ. ಅದಕ್ಕಿಂತ ಮೊದಲೇ ಗೋಡೆಯ ಮೈಯಿಂದ ಕಿತ್ತುಕೊಂಡು ಬರುವ ಅಪಾಯವೂ ಉಂಟು. ಗಾಜಿನ ನಾರು, ಅರಾಮಿಡ್ ನಾರು ಇನ್ನಷ್ಟು ಹಿಗ್ಗುತ್ತವಾದರೂ ಅವೂ ಬೇಗ ಕೈಕೊಡುತ್ತವೆ. ಕಂಬದ ಸುತ್ತ ಬಟ್ಟೆ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ, ಗೋಡೆಯ ಮೇಲಾದರೆ ಅಂಚಿನಲ್ಲಿ ಹಿಡಿದುಕೊಳ್ಳುವವರು ಯಾರೂ ಇಲ್ಲ.

1996ರ ಜೂನ್ 25ರಂದು ಸೌದಿ ಅರೇಬಿಯದ ಖೋಬರ್ ಟವರ್ಸ್ ಎಂಬ ವಸತಿ ಸಮುಚ್ಚಯದ ಬೇಲಿಯ ಹೊರಗೆ ಟ್ಯಾಂಕರ್ ಬಾಂಬು ಸಿಡಿದು ಅಮೆರಿಕದ ವಾಯುಪಡೆಯ 19 ಮಂದಿ ಸತ್ತರು. ಅಲ್ಲಿ ಕಟ್ಟಡದ ಮುಂಭಾಗ ಉದುರಿತಾದರೂ ಇಡೀ ಕಟ್ಟಡ ಕುಸಿಯಲಿಲ್ಲ. ಗಾಯಗೊಂಡವರು ನೂರಾರು ಜನ, ಹೆಚ್ಚಿನವರಿಗೆ ಗಾಜಿನ ಚೂರುಗಳಿಂದಲೇ ಪೆಟ್ಟು. ಇದಾದ ಮೇಲೆ ಫ್ಲಾರಿಡಾದ ಟಿಂಡಲ್ ನೆಲೆಯಲ್ಲಿರುವ ವಾಯುಪಡೆಯ ಸಂಶೋಧನಾಲಯ ಹಗುರವಾದ, ಬೇಗ ಹಚ್ಚಬಹುದಾದ ರಕ್ಷಣೆಯನ್ನು ಹುಡುಕತೊಡಗಿತು. ಅವರು ಬಲವಾದ ವಸ್ತುವಿನ ಬದಲು ಹೆಚ್ಚು ಹಿಗ್ಗುವ ವಸ್ತುವನ್ನು ಹುಡುಕಿದರು. ಹಾಳೆಯಾಗಿ ಅಂಟಿಸುವ, ಕುಂಚದಿಂದ ಬಳಿಯುವ, ಪಿಚಕಾರಿಯಿಂದ ಸಿಂಪಡಿಸುವ ಇಪ್ಪತ್ತೊಂದು ಪಾಲಿಮರುಗಳನ್ನು ಪರಿಶೀಲಿಸಿದರು. ಕೊನೆಗೆ ಆರಿಸಿದ್ದು ಪಾಲಿಯೂರಿಯ. ಅಮೆರಿಕದಲ್ಲಿ ಪಿಕಪ್ ವಾಹನಗಳ ಸಾಮಾನು ತುಂಬುವ ತಳಕ್ಕೆ ಗೀರು ಬೀಳದಿರಲೆಂದು ಸಿಂಪಡಿಸುವ ರಬ್ಬರಿನಂತಹ ಲೇಪದ ಜಾತಿಯದೇ ಅದು! ಎರಡು ದ್ರವಗಳು ಪಿಚಕಾರಿಯ ಬಾಯಲ್ಲಿ ಕೂಡಿ, ಗೋಡೆ ಮುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತವೆ. ಅದರ ಬಲ ಇಂಗಾಲದ ನಾರಿನ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಹರಿಯುವ ಮೊದಲು ಹೆಚ್ಚುಕಡಿಮೆ ತನ್ನಷ್ಟೇ ಉದ್ದ ಹಿಗ್ಗುತ್ತದೆ.

ಪ್ರಯೋಗಕ್ಕೆ ಒಂದೇ ಬಗೆಯ ಬ್ಲಾಕಿನ ಗೋಡೆಗಳನ್ನು ಕಟ್ಟಿ, ಕೆಲವನ್ನು ಹಾಗೆಯೇ ಬಿಟ್ಟು, ಕೆಲವಕ್ಕೆ ಒಳಮೈಯಲ್ಲಿ ಸುಮಾರು 3 ಮಿ.ಮೀ. ದಪ್ಪಕ್ಕೆ ಈ ಲೇಪ ಸಿಂಪಡಿಸಿದರು. ಲೇಪವನ್ನು ಮೇಲೆ ಕೆಳಗೆ ಕಾಂಕ್ರೀಟಿನ ಚೌಕಟ್ಟಿನ ಮೇಲೂ ಸ್ವಲ್ಪ ಹರಡಿದರು. ಇದು ಬಹಳ ಮುಖ್ಯ, ಇಲ್ಲದಿದ್ದರೆ ಗೋಡೆ ಇಡಿಯಾಗಿಯೇ ಒಳಗೆ ಬಂದುಬಿಡುತ್ತದೆ. ಸ್ಫೋಟವಾದಾಗ ಬರಿಯ ಗೋಡೆಯ ಬ್ಲಾಕುಗಳು ಕೋಣೆಯ ಉದ್ದಕ್ಕೂ ಚೆಲ್ಲಿದವು. ಲೇಪವಿದ್ದ ಗೋಡೆಯೂ ಒಡೆಯಿತು. ಬ್ಲಾಕುಗಳ ಮುಂಭಾಗ ಪುಡಿಯಾಯಿತು, ಗಾರೆಯ ಸಾಲುಗಳು ಬಾಯ್ಬಿಟ್ಟವು, ಗೋಡೆ ಒಳಕ್ಕೆ ಉಬ್ಬಿತು. ಆದರೆ ಚೂರುಗಳು ಲೇಪದ ಹಿಂದೆಯೇ ಉಳಿದವು. ಸ್ಫೋಟ ಇನ್ನೂ ಜೋರಾದಾಗ ಮಾತ್ರ ಬಾಯ್ಬಿಟ್ಟ ಗಾರೆಯ ಸಾಲುಗಳ ನೇರಕ್ಕೆ ಲೇಪ ಹರಿಯಿತು.

ಇದನ್ನು ತರಗತಿಯಲ್ಲಿ ತೋರಿಸಲು ಒಂದು ಮಾರಿ ಬಿಸ್ಕತ್ತು ಸಾಕು. ಒಂದು ಬದಿಗೆ ಟೇಪು ಅಂಟಿಸಿ, ಟೇಪಿಲ್ಲದ ಬದಿಯಿಂದ ಹೆಬ್ಬೆರಳಿನಲ್ಲಿ ಒತ್ತಿ ಮುರಿಯಿರಿ. ಬಿಸ್ಕತ್ತು ಮುರಿಯುತ್ತದೆ, ತುಂಡುಗಳು ಬೀಳುವುದಿಲ್ಲ. ಇನ್ನೊಂದು ಬಿಸ್ಕತ್ತನ್ನು ತಿರುಗಿಸಿ, ಟೇಪಿರುವ ಬದಿಯಿಂದ ಒತ್ತಿ ನೋಡಿ. ಲೇಪವನ್ನು ಗೋಡೆಯ ಒಳಮೈಗೇ ಏಕೆ ಹಚ್ಚಬೇಕು ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಇದೇ ವೇಳೆಗೆ ವಾಷಿಂಗ್ಟನ್ ಬಳಿಯ ಪೆಂಟಗನ್ ಕಟ್ಟಡದ ನವೀಕರಣ ನಡೆದಿತ್ತು. 1941ರ ಸೆಪ್ಟೆಂಬರ್ 11ರಂದು ಕಟ್ಟಲು ಶುರುಮಾಡಿದ ಕಟ್ಟಡವದು. ಹೊರಗೆ ಸುಣ್ಣಕಲ್ಲಿನ ಹೊದಿಕೆ, ಅದರ ಹಿಂದೆ ಕಂಬಿಯಿಲ್ಲದ ಇಟ್ಟಿಗೆ ಗೋಡೆ. ಹೊರಗೆ ಬಾಂಬು ಸಿಡಿದರೆ ಎಂಬ ಯೋಚನೆಯಿಂದ ಒಂದು ಪಾರ್ಶ್ವದಲ್ಲಿ ಕಿಟಕಿಗಳಿಗೆ ದಪ್ಪ ಪದರ ಗಾಜನ್ನು ಕೂರಿಸಿ, ಅವುಗಳ ಅಕ್ಕಪಕ್ಕ ಉಕ್ಕಿನ ಕೊಳವೆಗಳನ್ನು ಅಂತಸ್ತಿನಿಂದ ಅಂತಸ್ತಿಗೆ ನಿಲ್ಲಿಸಿ, ಕೊಳವೆಗಳ ನಡುವೆ ಇಟ್ಟಿಗೆಯ ಹಿಂದೆ ಬಲವಾದ ನಾರಿನ ಬಟ್ಟೆಯನ್ನು ಬಿಗಿದಿದ್ದರು. ಒಡೆದ ಇಟ್ಟಿಗೆಯನ್ನು ಹಿಡಿಯಲು ಹಾಸಿದ ಬಲೆ! 2001ರಲ್ಲಿ ಸರಿಯಾಗಿ ಅದೇ ಸೆಪ್ಟೆಂಬರ್ 11ರಂದು, ಕೆಲಸ ಮುಗಿಯುತ್ತ ಬಂದಿದ್ದ ಆ ಪಾರ್ಶ್ವಕ್ಕೇ ಅಪಹೃತ ವಿಮಾನ ಅಪ್ಪಳಿಸಿತು. ಕಟ್ಟಡದೊಳಗಿದ್ದ 125 ಮಂದಿ ಸತ್ತರು. ವಿಮಾನ ಹೊಕ್ಕ ಜಾಗದ ಮೇಲಿನ ಅಂತಸ್ತುಗಳು ಕೂಡಲೇ ಬೀಳದೆ ಸುಮಾರು ಇಪ್ಪತ್ತು ನಿಮಿಷವಾದರೂ ನಿಂತಿದ್ದುದರಿಂದ ಅಲ್ಲಿದ್ದ ಅನೇಕರು ಹೊರಬಂದರು. ಹತ್ತಿರದ ಹೊಸ ಕಿಟಕಿಗಳಲ್ಲಿ ಹಲವು ಒಡೆಯಲೇ ಇಲ್ಲ.

ಇದರ ಶ್ರೇಯಸ್ಸನ್ನೆಲ್ಲ ಹೊಸ ಬಟ್ಟೆಗೆ ಕೊಡುವುದು ನ್ಯಾಯವಲ್ಲ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 2003ರಲ್ಲಿ ಕೊಟ್ಟ ವರದಿ ಬಹಳವಾಗಿ ಹೊಗಳಿದ್ದು 1940ರ ದಶಕದ ಕಂಬಗಳನ್ನು. ಅವುಗಳೊಳಗೆ ಸುರುಳಿಯಾಕಾರದ ಕಂಬಿ ಇತ್ತು. ಹೊರಗಿನ ಕಾಂಕ್ರೀಟು ಕಿತ್ತುಹೋದ, ಬಿಲ್ಲಿನಂತೆ ಬಾಗಿದ ಕಂಬಗಳೂ ಆ ಸುರುಳಿಯ ಬಿಗಿತದಿಂದ ಭಾರ ಹೊತ್ತುಕೊಂಡೇ ಇದ್ದವು. ಸೀಮೆಸುಣ್ಣದ ಸುತ್ತಲಿನ ಟೇಪನ್ನು ನೆನಪಿಸಿಕೊಳ್ಳಿ. ಬೆಂಕಿ ಸುಟ್ಟು ಸುಟ್ಟು ಕೊನೆಗೆ ಆ ಭಾಗವನ್ನು ಬೀಳಿಸಿತು.

ಆ ಬೆಂಕಿಯೇ ಈ ವಸ್ತುಗಳ ಮುಂದಿರುವ ದೊಡ್ಡ ಪ್ರಶ್ನೆ. ಪಾಲಿಮರ್ ಲೇಪಗಳು ಉರಿಯುತ್ತವೆ, ವಿಷದ ಹೊಗೆ ಕಾರುತ್ತವೆ. ಹೀಗಾಗಿ ಅವುಗಳಲ್ಲಿ ಬೆಂಕಿ ತಡೆಯುವ ರಾಸಾಯನಿಕ ಬೆರೆಸಬೇಕು ಅಥವಾ ಮೇಲೊಂದು ರಕ್ಷಾಪದರ ಕೊಡಬೇಕು. ಎಪಾಕ್ಸಿ ಅಂಟು ಉರಿಯುವ ಮೊದಲೇ, ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಮೆತ್ತಗಾಗತೊಡಗುತ್ತದೆ. ಅಂಟು ಸಡಿಲವಾದರೆ ನಾರು ಎಷ್ಟು ಬಲವಾಗಿದ್ದೂ ಫಲವಿಲ್ಲ. ಆದ್ದರಿಂದ ಕಳೆದ ಎರಡು ದಶಕಗಳಲ್ಲಿ ಸಂಶೋಧಕರು ಎಪಾಕ್ಸಿಯನ್ನೇ ಬಿಟ್ಟು, ಗಾಜಿನ ಅಥವಾ ಇಂಗಾಲದ ನಾರಿನ ಬಲೆಯನ್ನು ಸಿಮೆಂಟ್ ಗಾರೆಯೊಳಗೆ ಹುದುಗಿಸಿ ಗೋಡೆಗೆ ಮೆತ್ತುವ ವಿಧಾನವನ್ನು ಪರೀಕ್ಷಿಸುತ್ತಿದ್ದಾರೆ. ಗಾರೆ ಉರಿಯದು, ಇಟ್ಟಿಗೆಯ ತೇವಕ್ಕೂ ಉಸಿರಾಡಲು ದಾರಿ ಬಿಡುತ್ತದೆ. ಮೇಸ್ತ್ರಿಗೆ ಹೊಸ ಯಂತ್ರವೂ ಬೇಡ, ಕರಣೆ ಇದ್ದರೆ ಆಯಿತು. ಇಟ್ಟಿಗೆಯ ನಾಡಾದ ನಮಗೆ ಈ ದಾರಿಯೇ ಹೆಚ್ಚು ಒಗ್ಗೀತು ಎಂಬುದು ನನ್ನ ಎಣಿಕೆ. ಭೂಕಂಪಕ್ಕೂ ಅದು ಉಪಯೋಗಕ್ಕೆ ಬರುತ್ತದೆ.

2020ರ ಆಗಸ್ಟ್ 4ರಂದು ಲೆಬನಾನಿನ ಬೇರೂತ್ ಬಂದರಿನಲ್ಲಿ ಗೋದಾಮಿಗೆ ಬೆಂಕಿ ಬಿತ್ತು. ಅಲ್ಲಿ ವರ್ಷಗಳಿಂದ 2750 ಟನ್ ಅಮೋನಿಯಂ ನೈಟ್ರೇಟ್ ದಾಸ್ತಾನಾಗಿತ್ತೆಂಬುದು ಊರಿನ ಬಹಳ ಜನಕ್ಕೆ ತಿಳಿದಿರಲಿಲ್ಲ. ಅವರು ಕಿಟಕಿ, ಬಾಲ್ಕನಿಗಳಲ್ಲಿ ನಿಂತು ಮೊಬೈಲಿನಲ್ಲಿ ಹೊಗೆಯ ಚಿತ್ರ ತೆಗೆಯುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಗಾಯಗೊಂಡರು. ಬಂದರಿನಿಂದ ಸುಮಾರು ಒಂದು ಕಿಲೋಮೀಟರಿನಷ್ಟು ದೂರದಲ್ಲಿದ್ದ ಸೇಂಟ್ ಜಾರ್ಜ್ ಆಸ್ಪತ್ರೆಯ ಕಂಬ, ತೊಲೆಗಳು ನಿಂತೇ ಇದ್ದವು. ಒಳಗೆ ಕಿಟಕಿಗಳು, ಬಾಗಿಲುಗಳು, ತೂಗುಹಾಕಿದ ಚಾವಣಿಯ ಹಲಗೆಗಳು ಹಾಸಿಗೆಗಳ ಮೇಲೆ ಬಿದ್ದಿದ್ದವು. ಅಲ್ಲಿ ನಾಲ್ವರು ದಾದಿಯರು ಸತ್ತರು. ಉಳಿದ ರೋಗಿಗಳನ್ನು ಆ ರಾತ್ರಿಯೇ ಹೊರಗೆ ಸಾಗಿಸಬೇಕಾಯಿತು.